ನಾಣ್ಯ ನುಂಗಿ ಹಾಡುವ ಪಿಯಾನೊ: ಹಳೆಯ ಯಂತ್ರ ಮತ್ತು ಕಾಗದದ ರೋಲ್ ದುರಸ್ತಿ ಮಾಡುವ ಬಗೆ

ಹಾರ್ಮೋನಿಯಂ ತಿದಿ ಗಾಳಿಯನ್ನು ಹೊರಕ್ಕೆ ದಬ್ಬುತ್ತದೆ, ತಾನಾಗಿ ನುಡಿಯುವ ಪ್ಲೇಯರ್ ಪಿಯಾನೊದ ತಿದಿ ಒಳಕ್ಕೆ ಎಳೆದುಕೊಳ್ಳುತ್ತದೆ. ಈ ಒಂದು ವ್ಯತ್ಯಾಸ ತಲೆಯಲ್ಲಿ ಕೂತರೆ ಉಳಿದದ್ದು ಕಷ್ಟವಲ್ಲ. ಪಂಪು ಯಂತ್ರದೊಳಗಿನ ಗಾಳಿಯನ್ನು ಸದಾ ಹೀರುತ್ತಿರುತ್ತದೆ. ತೂತು ಕೊರೆದ ಕಾಗದದ ರೋಲು ಟ್ರ್ಯಾಕರ್ ಬಾರ್ ಎಂಬ ಹಿತ್ತಾಳೆ ಪಟ್ಟಿಯ ಮೇಲೆ ಜಾರುತ್ತದೆ. ಕಾಗದದ ತೂತು ಪಟ್ಟಿಯ ತೂತಿನ ಮೇಲೆ ಬಂದ ಕ್ಷಣ ಹೊರಗಿನ ಗಾಳಿ ಕೊಳವೆಯೊಳಗೆ ನುಗ್ಗುತ್ತದೆ. ಕೊಳವೆಯ ಆ ತುದಿಯಲ್ಲಿ ಪೌಚ್ ಎಂಬ ತೆಳು ಚರ್ಮದ ಬಿಲ್ಲೆಯಿದೆ. ಅದು ಉಬ್ಬಿ ವಾಲ್ವನ್ನು ಎತ್ತುತ್ತದೆ. ವಾಲ್ವು ಎದ್ದರೆ ಆ ಸ್ವರದ ಪುಟ್ಟ ತಿದಿಯಿಂದ ಗಾಳಿ ಹೀರಿಹೋಗಿ ತಿದಿ ಮುಚ್ಚಿಕೊಳ್ಳುತ್ತದೆ, ಪಿಯಾನೊದ ಸುತ್ತಿಗೆ ತಂತಿಗೆ ಬಡಿಯುತ್ತದೆ. ತೂತು ದಾಟಿದ ಮೇಲೆ ಪೌಚಿನಡಿಯ ಗಾಳಿ ಬ್ಲೀಡ್ ಎಂಬ ಸೂಜಿಮೊನೆಯಷ್ಟು ರಂಧ್ರದಿಂದ ಹೊರಟುಹೋಗುತ್ತದೆ, ಎಲ್ಲ ಮೊದಲಿನಂತಾಗುತ್ತದೆ. ಈ ಯಂತ್ರಕ್ಕೆ ಬರುವ ರೋಗಗಳಲ್ಲಿ ಹತ್ತಕ್ಕೆ ಒಂಬತ್ತು ಗಾಳಿ ಸೋರಿಕೆಯವು. ದುರಸ್ತಿಯ ಕ್ರಮವೂ ಅದನ್ನೇ ಅನುಸರಿಸಬೇಕು. ಪಂಪಿನಿಂದ ಶುರುಮಾಡಿ, ಒಂದೊಂದು ಹಂತವನ್ನೂ ಸೋರುವುದಿಲ್ಲ ಎಂದು ಅಳೆದು ನೋಡಿಯೇ ಮುಂದಿನದಕ್ಕೆ ಕೈಹಾಕಬೇಕು.

ಇಲ್ಲಿ ಹೇಳುವುದು ಅಮೆರಿಕದಲ್ಲಿ 1910 ಮತ್ತು 1920ರ ದಶಕಗಳಲ್ಲಿ ಹೋಟೆಲು, ಬಾರು, ಐಸ್‌ಕ್ರೀಂ ಅಂಗಡಿಗಳಲ್ಲಿ ನಿಂತಿದ್ದ, ಐದು ಸೆಂಟಿನ ನಿಕ್ಕಲ್ ನಾಣ್ಯ ಹಾಕಿದರೆ ಒಂದು ಹಾಡು ನುಡಿಸುತ್ತಿದ್ದ ಪಿಯಾನೊಗಳ ಬಗ್ಗೆ; ಅದರಲ್ಲೂ ‘ಎ’ ಎಂಬ ಅಳತೆಯ ರೋಲ್ ಹಾಕುವವುಗಳ ಬಗ್ಗೆ. ಶಿಕಾಗೋದ ಸೀಬರ್ಗ್, ಕಾಯಿನೋಲಾ, ನೆಲ್ಸನ್-ವಿಗನ್ ಮುಂತಾದ ಬ್ರ್ಯಾಂಡುಗಳ ಹಲವು ಮಾದರಿಗಳು ಇದೇ ರೋಲ್ ಬಳಸುತ್ತಿದ್ದವು. ವುರ್ಲಿಟ್ಸರ್ ಕಂಪನಿಯ ರೋಲಿನ ಅಳತೆಯೇ ಬೇರೆ. ಬಿಂಗಮ್‌ಟನ್ನಿನ ಲಿಂಕ್ ಕಂಪನಿಯ ರೋಲು ಸುತ್ತಿಕೊಳ್ಳುವುದೂ ಇಲ್ಲ. ಕೊನೆಯಿಲ್ಲದ ಪಟ್ಟಿಯಾಗಿ ಪೆಟ್ಟಿಗೆಯೊಳಗೆ ಮಡಿಚಿ ಬೀಳುತ್ತದೆ. (ಆ ಮನೆತನದ ಮಗ ಎಡ್ವಿನ್ ಲಿಂಕ್ ಇದೇ ತಿದಿ, ವಾಲ್ವುಗಳಿಂದ ವಿಮಾನ ಚಾಲಕರ ತರಬೇತಿ ಯಂತ್ರ ಕಟ್ಟಿದ.) ಹಾಗಾಗಿ ನಿಮ್ಮ ಯಂತ್ರ ಯಾವ ರೋಲಿನದು ಎಂದು ಖಚಿತವಾಗುವ ಮುಂಚೆ ಒಂದು ರೋಲನ್ನೂ ಕೊಳ್ಳಬೇಡಿ.

ಮುಟ್ಟುವ ಮುಂಚೆ

ಪ್ಲಗ್ ಹಾಕಿ ‘ಏನಾದರೂ ಶಬ್ದ ಬರುತ್ತಾ’ ಎಂದು ನೋಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಬೇಡ. ನೂರು ವರ್ಷದ ವೈರಿನ ರಬ್ಬರು, ಬಟ್ಟೆ ಎರಡೂ ಪುಡಿಯಾಗಿರುತ್ತವೆ. ಕಬ್ಬಿಣದ ಚೌಕಟ್ಟಿಗೆ ಕರೆಂಟು ಹರಿದಿರಬಹುದು. ಜೊತೆಗೆ ಒಣಗಿದ ಪಂಪು ಎರಡು ನಿಮಿಷ ತಿರುಗಿದರೆ ಹಳೆಯ ಬಟ್ಟೆ ಹರಿದು, ಮೂಲ ಅಳತೆ ತೆಗೆದುಕೊಳ್ಳಲು ನಿಮಗೆ ಏನೂ ಉಳಿಯುವುದಿಲ್ಲ.

ಮೊದಲು ಪಿಯಾನೊವನ್ನೇ ಪರೀಕ್ಷಿಸಿ. ಕಬ್ಬಿಣದ ಪ್ಲೇಟು ಬಿರಿದಿದ್ದರೆ, ಶ್ರುತಿಯ ಗೂಟಗಳು ಹಿಡಿತವಿಲ್ಲದೆ ಸುತ್ತುತ್ತಿದ್ದರೆ, ಗಾಳಿಯ ಭಾಗಕ್ಕೆ ಖರ್ಚು ಮಾಡುವ ಮುಂಚೆ ಅದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಆಮೇಲೆ ಫೋಟೋ. ಒಂದೊಂದು ಕೊಳವೆಗೂ ಎರಡೂ ತುದಿಯಲ್ಲಿ ನಂಬರು ಬರೆದ ಚೀಟಿ ಕಟ್ಟಿ, ನಂಬರಿರುವಂತೆ ಮತ್ತೊಮ್ಮೆ ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ಅವು ಬಂದ ಜಾಗದ ಹೆಸರು ಬರೆದ ಡಬ್ಬಿಗಳಲ್ಲಿ ಇಡಿ. ಒಂದೇ ಹಲಗೆಯಲ್ಲಿ ಎರಡು ಉದ್ದದ ಸ್ಕ್ರೂಗಳಿರುವುದು ಸಾಮಾನ್ಯ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಅದು ನೇರ ಗಾಳಿಯ ಕಾಲುವೆಗೇ ತೂತು ಕೊರೆಯುತ್ತದೆ.

ಕೆಲವು ಯಂತ್ರಗಳಲ್ಲಿ ಸೀಸದ ಕೊಳವೆಗಳಿರುತ್ತವೆ. ಮರದಿಂದ ಹೊಮ್ಮುವ ಆಮ್ಲದ ಆವಿಗೆ ಸೀಸ ಕೊಳೆತು ಬಿಳಿ ಪುಡಿಯಾಗುತ್ತದೆ. ಆ ಪುಡಿ ವಿಷ. ಕೈಗವಸು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಉಜ್ಜಬೇಡಿ, ಊದಬೇಡಿ. ಬಾಯಲ್ಲಿ ಹೀರಿ ಸೋರಿಕೆ ನೋಡುವ ಅಭ್ಯಾಸ ಈ ಕಸುಬಿನಲ್ಲಿ ಹಳೆಯದು. ಸೀಸ ಇರುವ ಕಡೆ ಅದನ್ನು ಬಿಟ್ಟೇಬಿಡಿ.

ಅಂಟು, ಬಟ್ಟೆ, ಚರ್ಮ

ಅಂಟಿನ ವಿಷಯದಲ್ಲಿ ರಾಜಿ ಬೇಡ. ಬೇಕಾದದ್ದು ಚರ್ಮದಿಂದ ಬೇಯಿಸಿ ತೆಗೆದ ಹಳೆಯ ಅಂಟು, ಬಡಗಿಗಳು ಸರೇಸು ಎನ್ನುವುದು. ಒಂದು ಪಾಲು ಹರಳಿಗೆ ಒಂದೂವರೆಯಿಂದ ಎರಡು ಪಾಲು ತಣ್ಣೀರು ಹಾಕಿ ಒಂದೆರಡು ಗಂಟೆ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು 60ರಿಂದ 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ. ಕುದಿಸಿದರೆ ಅದರ ಬಲ ಹೋಗುತ್ತದೆ. ಕುಂಚದಿಂದ ಎತ್ತಿದಾಗ ಕಡಿಯದೆ ಎಳೆಯಾಗಿ ಇಳಿಯಬೇಕು; ನಮ್ಮ ಒಂದೆಳೆ ಬೆಲ್ಲದ ಪಾಕದ ಹದ. ಉಳಿದದ್ದು ಫ್ರಿಜ್ಜಿನಲ್ಲಿ ಕೆಲವು ದಿನ ಇರುತ್ತದೆ, ನಾತ ಬಂದರೆ ಚೆಲ್ಲಿ. ಫೆವಿಕಾಲ್ ಬಗೆಯ ಬಿಳಿ ಅಂಟು, ಎಪಾಕ್ಸಿ, ಸಿಲಿಕಾನ್ ಇವನ್ನೆಲ್ಲ ಏಕೆ ಬೇಡವೆನ್ನುತ್ತೇವೆ? ಈ ಬಟ್ಟೆ, ಚರ್ಮ ಕೆಲವು ದಶಕಗಳ ಬಳಿಕ ಮತ್ತೆ ಬದಲಾಗಲೇಬೇಕು. ಸರೇಸು ಬಿಸಿಗೂ ತೇವಕ್ಕೂ ಬಿಟ್ಟುಕೊಡುತ್ತದೆ. ಬಿಳಿ ಅಂಟು ಮರದ ನಾರಿನೊಳಗೆ ಇಳಿದು ಕೂತರೆ, ಆಮೇಲೆ ಹಚ್ಚಿದ ಯಾವ ಅಂಟೂ ಅಲ್ಲಿ ಹಿಡಿಯುವುದಿಲ್ಲ, ಮರ ಕೆತ್ತಿ ತೆಗೆಯದೆ ದಾರಿಯಿಲ್ಲ.

ಪುಟ್ಟ ತಿದಿಗಳಿಗೆ ರಬ್ಬರು ಲೇಪಿಸಿದ ತೆಳು ಹತ್ತಿ ಬಟ್ಟೆ ಬೇಕು, ಪಂಪಿಗೆ ಅದರದ್ದೇ ದಪ್ಪ ಬಗೆ. ಲೆಕ್ಕ ಹೀಗೆ: ಒಂದು ತಿದಿಗೆ ಸುಮಾರು 30 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಪಟ್ಟಿ ಹಿಡಿದರೆ, 65 ತಿದಿಗಳಿದ್ದರೆ ಹತ್ತಿರಹತ್ತಿರ 1 ಚದರ ಮೀಟರ್. ಕತ್ತರಿಸುವಾಗ ಹಾಳಾಗುವುದೂ ಸೇರಿ ಒಂದೂವರೆ ತನ್ನಿ. ನಿಮ್ಮ ಯಂತ್ರದ ಹಳೆಯ ಪಟ್ಟಿಯೊಂದನ್ನು ಬಿಚ್ಚಿ ಅಳೆದು ಈ ಲೆಕ್ಕ ತಿದ್ದಿಕೊಳ್ಳಿ. ರೆಕ್ಸಿನ್, ಮಳೆಕೋಟಿನ ಬಟ್ಟೆ ಅಗ್ಗಕ್ಕೆ ಸಿಗುತ್ತವೆ, ಆದರೆ ಅವು ಬಿರುಸು. ಅಷ್ಟು ಬಿರುಸಿನ ತಿದಿಯಿಂದ ಮೆಲುದನಿಯ ಸ್ವರ ಹೊರಡುವುದೇ ಇಲ್ಲ.

ಅಳೆಯುವ ಸಾಧನ

ಎಲ್ಲಕ್ಕಿಂತ ಮುಖ್ಯವಾದ ಸಾಧನ ಮನೆಯಲ್ಲೇ ಆಗುತ್ತದೆ. ಎರಡೂವರೆ ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಹಲಗೆಯ ಮೇಲೆ ಇಂಗ್ಲಿಷಿನ ಯು ಆಕಾರದಲ್ಲಿ ಬಿಗಿದು, ಅರ್ಧದವರೆಗೆ ಬಣ್ಣದ ನೀರು ತುಂಬಿ. ಒಂದು ತುದಿ ಯಂತ್ರಕ್ಕೆ, ಇನ್ನೊಂದು ತೆರೆದಿರಲಿ. ಎರಡು ಕಡೆಯ ನೀರಿನ ಮಟ್ಟದ ಅಂತರವೇ ನಿಮ್ಮ ಹೀರುಬಲ. ಇಂಥ ಯಂತ್ರಗಳು ಸಾಮಾನ್ಯವಾಗಿ 50ರಿಂದ 75 ಸೆಂ.ಮೀ. ನೀರಿನ ಬಲದಲ್ಲಿ ನುಡಿಯುತ್ತವೆ. ಯು ಕೊಳವೆಯ ಒಂದೊಂದು ಕಾಲೂ ಒಂದು ಮೀಟರಿಗಿಂತ ಗಿಡ್ಡವಾದರೆ ನೀರು ಪಂಪಿನೊಳಗೆ ಹೋಗಬಹುದು, ಜೋಕೆ.

ಪಂಪು

ಮೋಟಾರಿನ ಬೆಲ್ಟು ಒಂದು ಅಚ್ಚನ್ನು ತಿರುಗಿಸುತ್ತದೆ, ಅಚ್ಚು ಮೂರೋ ನಾಲ್ಕೋ ದೊಡ್ಡ ತಿದಿಗಳನ್ನು ಸರದಿಯಲ್ಲಿ ತೆರೆಯುತ್ತದೆ. ಹಳೆಯ ಬಟ್ಟೆ ತೆಗೆದು, ಮರದ ಅಂಚನ್ನು ಕೈಯಿಂದಲೇ ಉಪ್ಪುಕಾಗದ ಹಿಡಿದು ಹೊಸ ಮರ ಕಾಣುವವರೆಗೆ ಉಜ್ಜಿ. ಯಂತ್ರದಿಂದ ಉಜ್ಜಿದರೆ ಅಂಚು ಗುಂಡಗಾಗಿ ಬಟ್ಟೆ ಕೂರುವ ಜಾಗ ಕಡಿಮೆಯಾಗುತ್ತದೆ. ಒಳಗಿನ ಚರ್ಮದ ಮುಚ್ಚಳಗಳು ಒಣಗಿ ಸುರುಳಿಯಾಗಿದ್ದರೆ ಬದಲಿಸಿ, ಬಿಗಿಯಾಗಿ ಎಳೆಯದೆ ಮಟ್ಟಸವಾಗಿ ಕೂರಿಸಿ. ಒಳಗೋಡೆಗಳಿಗೆ ಶೆಲಾಕ್ ಹಚ್ಚಿ. 100 ಗ್ರಾಂ ಅರಗಿನ ಚಕ್ಕೆಗೆ 400 ಮಿ.ಲೀ. ಸ್ಪಿರಿಟ್ ಹದ ಸರಿಯಾಗುತ್ತದೆ.

ಪರೀಕ್ಷೆ: ಪಂಪಿನ ಬಾಯಿ ಮುಚ್ಚಿ, ಅಳತೆಕೊಳವೆ ಸೇರಿಸಿ, ಕೈಯಿಂದ ಚಕ್ರ ತಿರುಗಿಸಿ. ನೀರು ಬಿರುಸಾಗಿ ಏರಬೇಕು. ನಿಲ್ಲಿಸಿದ ಮೇಲೆ ಸ್ಪ್ರಿಂಗಿರುವ ಸಂಗ್ರಹ ತಿದಿ ಹದಿನೈದಿಪ್ಪತ್ತು ಸೆಕೆಂಡಾದರೂ ತಡೆದು ನಿಧಾನಕ್ಕೆ ತೆರೆದುಕೊಳ್ಳಬೇಕು. ಎರಡೇ ಸೆಕೆಂಡಿಗೆ ಬಿಚ್ಚಿಕೊಂಡರೆ ಇಲ್ಲೇ ನಿಲ್ಲಿ. ಮುಂದಿನ ಭಾಗ ಎಷ್ಟು ಚೆನ್ನಾಗಿ ಮಾಡಿದರೂ ಪ್ರಯೋಜನವಿಲ್ಲ.

ಪೌಚು ಮತ್ತು ವಾಲ್ವು

ಕೆಲಸದ ಜೀವಾಳ ಇಲ್ಲಿದೆ, ಬೇಸರ ಬರಿಸುವುದೂ ಇದೇ. ಒಂದನ್ನು ಮಾಡಿದಂತೆ ಅರವತ್ತು ಚಿಲ್ಲರೆಯನ್ನು ಮಾಡಬೇಕು, ನಲವತ್ತನೆಯದೂ ಮೊದಲನೆಯದರಷ್ಟೇ ಶ್ರದ್ಧೆ ಕೇಳುತ್ತದೆ. ದಿನಕ್ಕೆ ಹತ್ತು ಹನ್ನೆರಡಕ್ಕೆ ನಿಲ್ಲಿಸುವುದು ಜಾಣತನ.

ಪೌಚಿಗೆ ಅತಿ ತೆಳುವಾದ, ಹಿಗ್ಗುವ ಮೇಕೆಮರಿ ಚರ್ಮ. ಬಿಲ್ಲೆ ಕತ್ತರಿಸಿ, ಹಲಗೆಯಲ್ಲಿ ಪೌಚು ಕೂರುವ ದುಂಡು ಗುಳಿಯ ಅಂಚಿಗೆ ಮಾತ್ರ ತೆಳ್ಳಗೆ ಅಂಟು ಸವರಿ, ಚರ್ಮ ಇಟ್ಟು, ದುಂಡುಮೊನೆಯ ಮರದ ಕಡ್ಡಿಯಿಂದ ನಡುವನ್ನು ಮೆಲ್ಲಗೆ ಒತ್ತಿ ಬಟ್ಟಲಿನಂತೆ ತಗ್ಗಿಸಿ. ಎಲ್ಲವೂ ಒಂದೇ ಆಳ ಇರಬೇಕಾದ್ದರಿಂದ ಆ ಕಡ್ಡಿಗೆ ಮೇಲೆ ತಡೆಯಾಗುವ ಒಂದು ಬಿಲ್ಲೆ ಕೂರಿಸಿಕೊಳ್ಳಿ. ಆಳ ಎಷ್ಟೆಂಬುದಕ್ಕೆ ಹಾಳಾಗದ ಹಳೆಯ ಪೌಚೇ ಪ್ರಮಾಣ. ಬಿಗಿಯಾಗಿ ಎಳೆದು ಅಂಟಿಸಿದ ಪೌಚು ಡೋಲಿನ ಚರ್ಮದಂತೆ ನಿಲ್ಲುತ್ತದೆ, ವಾಲ್ವನ್ನು ಎತ್ತುವುದಿಲ್ಲ. ಅಂಟು ಅಂಚು ದಾಟಿ ಒಳಕ್ಕೆ ಹರಿದರೂ ಅದೇ ಗತಿ: ಒಣಗಿದ ಅಂಟಿನ ಉಂಗುರ ಪೌಚಿನ ಅರ್ಧ ಅಗಲವನ್ನು ಕಲ್ಲುಮಾಡುತ್ತದೆ. ಚರ್ಮದ ಸೂಕ್ಷ್ಮ ರಂಧ್ರ ಮುಚ್ಚಲು ನ್ಯಾಫ್ತಾದಲ್ಲಿ ನೀರಿನಷ್ಟು ತೆಳ್ಳಗೆ ಮಾಡಿದ ರಬ್ಬರ್ ಸಿಮೆಂಟ್ ಒಂದು ಕೈ ಸವರಿದರೆ ಸಾಕು. ಹಿಂದಿನವರು ಮೊಟ್ಟೆಯ ಬಿಳಿ ಹಚ್ಚುತ್ತಿದ್ದರು. ನ್ಯಾಫ್ತಾ ಬೇಗ ಹೊತ್ತಿಕೊಳ್ಳುತ್ತದೆ; ಅದನ್ನು ಬಳಸುವ ದಿನ ಕಿಟಕಿ ತೆಗೆದಿಡಿ, ಒಲೆ ಹಚ್ಚಬೇಡಿ.

ವಾಲ್ವಿನ ಚರ್ಮದ ಮುಖ ಬದಲಿಸಿ, ಅದು ಕೂರುವ ಪೀಠದ ತುಕ್ಕು, ಹಸಿರು ಕಿಲುಬು ಉಜ್ಜಿ ತೆಗೆಯಿರಿ. ವಾಲ್ವಿನ ಓಡಾಟ 0.8ರಿಂದ 1 ಮಿ.ಮೀ. ಹೆಚ್ಚಾದರೆ ತೆರೆದು ಮುಚ್ಚುವಷ್ಟರಲ್ಲಿ ಗಾಳಿ ಪೋಲಾಗಿ ಸ್ವರ ತಡವಾಗುತ್ತದೆ, ಕಡಿಮೆಯಾದರೆ ತಿದಿಯಿಂದ ಗಾಳಿ ಬೇಗ ಹೊರಡದೆ ಸ್ವರ ಸೊರಗುತ್ತದೆ. ಪೌಚಿಗೂ ವಾಲ್ವಿನ ಕಡ್ಡಿಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಲೇಬೇಕು. ಸಂದಿಲ್ಲದಿದ್ದರೆ ವಾಲ್ವು ಪೂರ್ತಿ ಕೂರುವುದಿಲ್ಲ, ಸ್ವರ ತಾನಾಗಿ ಬಡಿಯುತ್ತಿರುತ್ತದೆ.

ಬ್ಲೀಡಿನ ರಂಧ್ರ 1 ಮಿ.ಮೀ. ಆಸುಪಾಸು. ಅದರಲ್ಲಿ ಕಸ ಕೂತರೆ ಬಡಿದ ಸ್ವರ ಬಿಡಿಸಿಕೊಳ್ಳುವುದಿಲ್ಲ, ಬೇಗಬೇಗನೆ ಬರುವ ಸ್ವರಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಉತ್ಸಾಹದಲ್ಲಿ ಡ್ರಿಲ್ ಹಾಕಿ ಹಿಗ್ಗಿಸಿದರೆ ಪೌಚು ಉಬ್ಬುವುದಕ್ಕೇ ಗಾಳಿ ಉಳಿಯುವುದಿಲ್ಲ. ಮೂಲ ಅಳತೆಯ ತಂತಿಯನ್ನು ಒಮ್ಮೆ ತೂರಿಸಿ ತೆಗೆದರೆ ಸಾಕು.

ಪುಟ್ಟ ತಿದಿಗಳು

ಹಲಗೆಯಿಂದ ಬಿಡಿಸುವಾಗ ಅಗಲ ಬಾಯಿಯ ಬಿಸಿ ಚಾಕನ್ನು ಅಂಟಿನ ಗೆರೆಯಲ್ಲೇ ನಡೆಸಿ. ಮರದ ಎಳೆ ಹಲಗೆಯಲ್ಲಿ ಉಳಿದು ಬಂದರೆ ಹೆದರಬೇಕಿಲ್ಲ, ಆ ಚೂರನ್ನು ಅಲ್ಲಿಯೇ ಅಂಟಿಸಿ ಮಟ್ಟ ಮಾಡಿ. ಮುಂದಿನ ಕೆಲಸ:

1. ಎರಡು ಹಲಗೆಗಳನ್ನೂ ಬಟ್ಟೆಯ ಕೀಲಿನಿಂದ ಜೋಡಿಸಿ ಒಣಗಲು ಬಿಡಿ. ಕೀಲು ಸಡಿಲವಾದರೆ ತಿದಿ ಮುಚ್ಚುವಾಗ ಪಕ್ಕಕ್ಕೆ ವಾಲುತ್ತದೆ.
2. ಮೂಲದ ತೆರವಿನ ಅಳತೆಗೆ ಒಂದು ಮರದ ಚೂರು ನಡುವೆ ಇಟ್ಟು ತೆರೆದಿಡಿ.
3. ಅಂಟನ್ನು ಬಟ್ಟೆಗಲ್ಲ, ಮರದ ಅಂಚಿಗೆ ಹಚ್ಚಿ. ತೆರೆದ ಬಾಯಿಯ ನಡುವಿನಿಂದ ಶುರುಮಾಡಿ ಎರಡು ಪಕ್ಕಕ್ಕೂ ಹೆಬ್ಬೆರಳಿಂದ ನೀವುತ್ತ ಕೀಲಿನ ಕಡೆ ಬನ್ನಿ. ಸರೇಸು ಗಟ್ಟಿಯಾಗುವ ಮುಂಚೆ ನಿಮಗೆ ಸಿಗುವುದು ಒಂದು ನಿಮಿಷ. ಬೀಸಣಿಗೆ ತಿರುಗುತ್ತಿದ್ದರೆ ಅದೂ ಇಲ್ಲ.
4. ಮೂಲೆಯಲ್ಲಿ ಬಟ್ಟೆ ಮೇಲೇಳುತ್ತದೆ. ಉಗುರಿನಿಂದ ಅಲ್ಲೇ ಒಂದರೆಗಳಿಗೆ ಒತ್ತಿ ಹಿಡಿಯಿರಿ. ಸೋರಿಕೆಯಾಗುವುದು ಹೆಚ್ಚಾಗಿ ಈ ಮೂಲೆಗಳಲ್ಲೇ.
5. ಒಣಗಿದ ಮೇಲೆ ಹೆಚ್ಚಿನ ಬಟ್ಟೆ ಕತ್ತರಿಸಿ, ಮಡಿಕೆ ಒಳಮುಖವಾಗುವಂತೆ ತಿದ್ದಿ, ತಿದಿಯನ್ನು ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ ಒಂದು ರಾತ್ರಿ ಇಡಿ.

ಮಾರನೆಯ ದಿನ ಅದರ ರಂಧ್ರವನ್ನು ಬೆರಳಲ್ಲಿ ಮುಚ್ಚಿ ಎಳೆದು ನೋಡಿ. ತೆರೆಯಲು ಹಟ ಮಾಡಬೇಕು. ಮಂಗಳೂರು, ಕಾರವಾರದ ಕಡೆಯ ಮಳೆಗಾಲದಲ್ಲಿ ಈ ಕೆಲಸ ಬೇಡ. ತೇವಕ್ಕೆ ಸರೇಸು ಒಣಗುವುದೂ ಇಲ್ಲ, ಬೂಷ್ಟು ಬೇರೆ ಹಿಡಿಯುತ್ತದೆ.

ಕೊಳವೆ, ಮೋಟಾರು

ಕೊಳವೆಗಳು ನಿಯೋಪ್ರೀನ್ ರಬ್ಬರಿನವಿರಲಿ. ಅಕ್ವೇರಿಯಂ ಅಂಗಡಿಯ ಪ್ಲಾಸ್ಟಿಕ್ ಕೊಳವೆ ಒಂದೆರಡು ಬೇಸಿಗೆಗೆ ಬಿರುಸಾಗಿ ಮೂತಿಯಿಂದ ಕಳಚಿಕೊಳ್ಳುತ್ತದೆ. ತಿರುವಿನಲ್ಲಿ ಕೊಳವೆ ಮಡಿಸಿಕೊಂಡರೆ ಆ ಸ್ವರ ಸತ್ತಂತೆ.

ಮೋಟಾರಿನ ವಿಷಯ ಭಾರತದಲ್ಲಿ ಈ ಯಂತ್ರ ಇಟ್ಟುಕೊಂಡವರಿಗೆ ಮುಖ್ಯ. ಅಮೆರಿಕದ ಮೋಟಾರು 110-115 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. ನಿಮಿಷಕ್ಕೆ 1725 ಸುತ್ತಿನ ಮೋಟಾರು ಇಲ್ಲಿ 1440ಕ್ಕೆ ಇಳಿದು ಬಿಸಿಯಾಗುತ್ತದೆ. ಇಂಥ ಯಂತ್ರಗಳಲ್ಲಿ ರೋಲನ್ನೂ ಸಾಮಾನ್ಯವಾಗಿ ಅದೇ ಮೋಟಾರು ಎಳೆಯುವುದರಿಂದ ಹಾಡು ಆರರಲ್ಲಿ ಒಂದು ಪಾಲು ನಿಧಾನವಾಗುತ್ತದೆ, ಪಂಪೂ ಸೋಲುತ್ತದೆ. ಮೂಲ ಮೋಟಾರನ್ನು ಒರೆಸಿ ಚೀಟಿ ಕಟ್ಟಿ ಎತ್ತಿಟ್ಟು, ಅಷ್ಟೇ ಬಲದ 230 ವೋಲ್ಟಿನ, 1440 ಸುತ್ತಿನ ಮೋಟಾರು ಹಾಕಿ, ಅದರ ಪುಲ್ಲಿಯ ವ್ಯಾಸ ಮೂಲ ಪುಲ್ಲಿಯ 1.2 ಪಟ್ಟು ಇರಲಿ. ಭೂಸಂಪರ್ಕ, ಫ್ಯೂಸು ಬಿಡಬೇಡಿ.

ನಾಣ್ಯದ ದಾರಿ

ನಿಕ್ಕಲ್ ನಾಣ್ಯ 21.21 ಮಿ.ಮೀ. ವ್ಯಾಸ, 5 ಗ್ರಾಂ ತೂಕ. ತಾಮ್ರ-ನಿಕ್ಕಲ್ ಮಿಶ್ರಣವಾದ್ದರಿಂದ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಕಬ್ಬಿಣದ ಬಿಲ್ಲೆ ಹಾಕಿ ಮೋಸಮಾಡುವವರನ್ನು ಹಿಡಿಯಲು ಕೆಲವು ಯಂತ್ರಗಳ ದಾರಿಯಲ್ಲಿ ಆಯಸ್ಕಾಂತವೇ ಇರುತ್ತದೆ. 2011ರ ಮಾದರಿಯ ನಮ್ಮ ಒಂದು ರೂಪಾಯಿ 21.93 ಮಿ.ಮೀ., ತೂಕ 3.79 ಗ್ರಾಂ, ಆಯಸ್ಕಾಂತಕ್ಕೆ ಅಂಟುವ ಸ್ಟೀಲು. ಬಿಗಿಯಾದ ಬಾಯಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಹೇಗೋ ಒಳಹೊಕ್ಕರೂ ಸನ್ನೆಕೋಲು ಎತ್ತುವ ತೂಕ ಅದಕ್ಕಿಲ್ಲ. ಬಾಯಿ ಅರ ಹಾಕಿ ಹಿಗ್ಗಿಸುವ ಬದಲು ಒಂದು ಡಬ್ಬಿ ಹಳೆಯ ನಿಕ್ಕಲ್ ತರಿಸಿ ಪಕ್ಕದಲ್ಲಿಡಿ.

ಈ ದಾರಿಗೆ ಎಣ್ಣೆ ಬಿಡಬೇಡಿ. ಎಣ್ಣೆಗೆ ಧೂಳು ಹಿಡಿದು ನಾಣ್ಯ ನಿಧಾನವಾಗುತ್ತದೆ. ಸ್ಪಿರಿಟಿನಲ್ಲಿ ಒರೆಸಿ ಒಣಗಿಸಿದರೆ ಸಾಕು. ನಾಣ್ಯದ ಸ್ವಿಚ್ಚಿನ ಮೂಲಕ ಮೋಟಾರಿನ ಪೂರ್ತಿ ಕರೆಂಟು ಹರಿದರೆ ತುದಿಗಳು ಸುಟ್ಟು ಕಪ್ಪಾಗುತ್ತವೆ. ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಇಟ್ಟು, ನಾಣ್ಯದ ಸ್ವಿಚ್ಚಿಗೆ ಕಡಿಮೆ ವೋಲ್ಟು ಕೊಡುವುದು ಒಳ್ಳೆಯದು.

ರೋಲು

‘ಎ’ ರೋಲಿನ ಅಗಲ 11¼ ಇಂಚು, ಅಂದರೆ 285.75 ಮಿ.ಮೀ. ಇಂಚಿಗೆ ಆರು ತೂತು. ಸಾಮಾನ್ಯವಾಗಿ ಒಂದರಲ್ಲಿ ಹತ್ತು ಹಾಡು. ಸ್ವರಗಳ ತೂತುಗಳ ಜೊತೆಗೆ ಪೆಡಲ್, ಮ್ಯಾಂಡೊಲಿನ್ ಪರದೆ (ಸುತ್ತಿಗೆಗೂ ತಂತಿಗೂ ನಡುವೆ ಇಳಿದು ದನಿಯನ್ನು ಮ್ಯಾಂಡೊಲಿನ್ನಿನಂತೆ ಮಾಡುವ ಪಟ್ಟಿ), ಹಾಡು ಮುಗಿದಾಗ ಯಂತ್ರ ನಿಲ್ಲಿಸುವುದು, ರೋಲು ಮುಗಿದಾಗ ಹಿಂದಕ್ಕೆ ಸುತ್ತುವುದು ಇವಕ್ಕೂ ತೂತುಗಳಿವೆ. ತೇಪೆ ಹಾಕುವಾಗ ಇವೇ ಕೈಕೊಡುವುದು. ಹಿಂದಕ್ಕೆ ಸುತ್ತುವ ತೂತನ್ನು ತಿಳಿಯದೆ ಮುಚ್ಚಿದರೆ ರೋಲು ಕೊನೆ ಮುಟ್ಟಿ ತುದಿ ಹರಿದುಕೊಳ್ಳುತ್ತದೆ. ನಿಲ್ಲಿಸುವ ತೂತು ಮುಚ್ಚಿದರೆ ಒಂದು ನಾಣ್ಯಕ್ಕೆ ಎರಡು ಹಾಡು. ಅದೇ ಸಾಲಿನಲ್ಲಿ ಕಾಗದ ಹರಿದಿದ್ದರೆ ಹಾಡು ಅರ್ಧಕ್ಕೇ ನಿಲ್ಲುತ್ತದೆ, ನೀವು ಸ್ವಿಚ್ಚು ಬಿಚ್ಚಿ ದೋಷ ಹುಡುಕುತ್ತ ಕೂರುತ್ತೀರಿ.

ಸೆಲ್ಲೋಟೇಪ್ ಹಾಕಲೇಬೇಡಿ. ಅದರ ಅಂಟು ಒಸರಿ ರೋಲಿನ ಪಕ್ಕದ ಸುತ್ತಿನ ಕಾಗದಕ್ಕೆ ಹಿಡಿಯುತ್ತದೆ, ಟ್ರ್ಯಾಕರ್ ಬಾರಿನ ತೂತನ್ನೂ ಕಟ್ಟುತ್ತದೆ. ತೇಪೆಗೆ ತೆಳು ಜಪಾನಿ ಕಾಗದ, ಗೋಧಿ ಗಂಜಿ ಸಾಕು. ಆದರೆ ಮೊದಲು ರೋಲಿನ ಮೂಲೆಯ ಮೇಲೆ ಒಂದು ಹನಿ ನೀರಿಡಿ. ಹೀರಿಕೊಂಡರೆ ಗಂಜಿ ಹಿಡಿಯುತ್ತದೆ. ಮುತ್ತಿನಂತೆ ನಿಂತರೆ ಅದು ಮೇಣ ಸವರಿದ ಕಾಗದ, ಅದಕ್ಕೆ ಗ್ರಂಥಾಲಯಗಳವರು ಬಳಸುವ ತಾನೇ ಅಂಟುವ ತೆಳು ಸಂರಕ್ಷಣಾ ಪಟ್ಟಿ ಬೇಕು. ಇಸ್ತ್ರಿಪೆಟ್ಟಿಗೆ ತೋರಿಸಿದರೆ ಮೇಣ ಕರಗಿ ಕಲೆಯಾಗುತ್ತದೆ. ಗಂಜಿ ಹಚ್ಚಿದ ತೇಪೆಯನ್ನು ಎರಡು ಹೀರುಕಾಗದದ ನಡುವೆ ಭಾರವಿಟ್ಟು ಒಣಗಿಸಿ, ಮುಚ್ಚಿಹೋದ ತೂತುಗಳನ್ನು ಚೂಪಾದ ಪಂಚಿನಿಂದ ಮತ್ತೆ ತೆರೆಯಿರಿ. ತೇಪೆಯ ಮೇಲೆ ತೇಪೆ ಬಿದ್ದರೆ ಸುತ್ತು ದಪ್ಪವಾಗಿ ಅಂಚು ಏಳುತ್ತದೆ, ಮುಂದಿನ ಹರುಕು ಅಲ್ಲಿಂದಲೇ.

ಹವೆ ಒಣಗಿದರೆ ಕಾಗದವೂ ಕುಗ್ಗುತ್ತದೆ. ಅಗಲದಲ್ಲಿ ಅರ್ಧ ಶೇಕಡಾ ಕುಗ್ಗಿದರೆ 1.4 ಮಿ.ಮೀ.; ನಡುವೆ ಸರಿಹೊಂದಿಸಿದರೂ ಎರಡು ಅಂಚಿನಲ್ಲಿ 0.7 ಮಿ.ಮೀ. ತಪ್ಪುತ್ತದೆ. ತೂತಿನಿಂದ ತೂತಿಗೆ ಇರುವುದೇ 4.2 ಮಿ.ಮೀ. ಆದ್ದರಿಂದ ಕೊನೆಯ ಮಂದ್ರ, ತಾರ ಸ್ವರಗಳು ಮಾತ್ರ ಕೆಟ್ಟು ನಡುವಿನವು ಸರಿಯಿದ್ದರೆ ವಾಲ್ವನ್ನು ಅನುಮಾನಿಸುವ ಮುಂಚೆ ರೋಲಿನ ಅಗಲ ಅಳೆಯಿರಿ.

ಮೂಲ ರೋಲನ್ನು ಹೊಸದಾಗಿ ಕಟ್ಟಿದ ಯಂತ್ರದಲ್ಲಿ ಮೊದಲು ಹಾಕಬೇಡಿ. ಹೊಸದಾಗಿ ಕತ್ತರಿಸಿದ ನಕಲು ರೋಲಿನಲ್ಲಿ ಎಳೆತ, ಬ್ರೇಕು, ಹಿಂದಕ್ಕೆ ಸುತ್ತುವುದು ಎಲ್ಲ ಸರಿಮಾಡಿಕೊಳ್ಳಿ. ಬ್ರೇಕು ಸಡಿಲವಾದರೆ ಕಾಗದ ಸುಕ್ಕುಗಟ್ಟುತ್ತದೆ, ಬಿಗಿಯಾದರೆ ತೂತಿನ ಸಾಲಿನಲ್ಲೇ ಸೀಳುತ್ತದೆ. ನಕಲು ಮಾಡಿಸುವುದಾದರೆ ಕಾಗದದ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದು ಹೇಳಿ. ಎಳೆಯುವ ಸುರುಳಿ ದಪ್ಪವಾದಷ್ಟೂ ಕಾಗದ ಬೇಗ ಓಡುತ್ತದೆ. ದಪ್ಪ ಕಾಗದದಲ್ಲಿ ಹತ್ತನೆಯ ಹಾಡು ಮೊದಲನೆಯದಕ್ಕಿಂತ ಅತಿಯಾಗಿ ಓಡಿಬಿಡುತ್ತದೆ. ಮೂಲವನ್ನು ಸ್ಕ್ಯಾನ್ ಮಾಡಿಸಿ ಇಡಿ. ಹಳೆಯ ರೋಲುಗಳನ್ನು ಬೆಳಕಿನಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ದೊಡ್ಡ ಕೆಲಸ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದಿದೆ.

ಜೋಡಿಸಿದ ಮೇಲೆ

ಟ್ರ್ಯಾಕರ್ ಬಾರಿನ ತೂತುಗಳನ್ನೆಲ್ಲ ಅಗಲ ಟೇಪಿನಿಂದ ಮುಚ್ಚಿ ಮೋಟಾರು ಹಾಕಿ. ಒಂದು ಸ್ವರವೂ ಬಡಿಯಬಾರದು. ಬಡಿದರೆ ಆ ಕೊಳವೆ ಸೋರುತ್ತಿದೆ ಅಥವಾ ವಾಲ್ವು ಕೂತಿಲ್ಲ. ಕೊಳವೆಯನ್ನು ಹಿಚುಕಿ ಹಿಡಿದಾಗ ನಿಂತರೆ ದೋಷ ಬಾರಿನ ಕಡೆ, ನಿಲ್ಲದಿದ್ದರೆ ವಾಲ್ವಿನ ಕಡೆ. ಆಮೇಲೆ ಟೇಪನ್ನು ಒಂದೊಂದೇ ತೂತಿನಷ್ಟು ಸರಿಸುತ್ತ ಸ್ವರ ಕೇಳಿ, ಪಟ್ಟಿ ಬರೆದುಕೊಳ್ಳಿ. ಒಂದೇ ಸ್ವರ ಸತ್ತಿದ್ದರೆ ಬಾರಿನ ತೂತಿನಲ್ಲಿ ಕಾಗದದ ನಾರು ಕೂತಿದೆಯೇ ನೋಡಿ, ಕೈಪಂಪಿನಿಂದ ಹೀರಿ ತೆಗೆಯಿರಿ. ಎಲ್ಲ ಸ್ವರವೂ ಒಟ್ಟಿಗೆ ಸೊರಗಿದ್ದರೆ ನೇರ ಅಳತೆಕೊಳವೆಯ ಬಳಿ ಹೋಗಿ.

ಇಪ್ಪತ್ತು ಗಂಟೆ ನುಡಿಸಿದ ಮೇಲೆ ಹಲಗೆಗಳ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಹೊಸ ಚರ್ಮ ಅಷ್ಟರಲ್ಲಿ ಒತ್ತಿಕೊಂಡಿರುತ್ತದೆ. ಶ್ರುತಿ ಕೂಡಿಸುವುದು ಅದಾದ ಮೇಲೆ. ಮುಂಬಾಗಿಲು ಹಾಕುವ ಮುಂಚೆ ಒಳಗೋಡೆಗೆ ಒಂದು ಚೀಟಿ ಅಂಟಿಸಿ: ಬಳಸಿದ ಅಂಟು, ಬಟ್ಟೆ, ವಾಲ್ವಿನ ಓಡಾಟದ ಅಳತೆ, ಪುಲ್ಲಿಯ ವ್ಯಾಸ, ಮೂಲ ಮೋಟಾರು ಎಲ್ಲಿದೆ ಎಂಬುದು, ತಾರೀಖು. ಚೀಟಿಗೂ ಸರೇಸೇ ಹಚ್ಚಿ.